ಮಣಿ ಸರಿಸಿ ಉಸಿರೆಣಿಸಿದವರು

ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರ ಕುರಿತು ಬರೆಯುವವರು ಸಾಮಾನ್ಯವಾಗಿ ತ್ಯಾಗದ ಮಾತಿನಿಂದಲೇ ಆರಂಭಿಸುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಓದಿ ಬಂದವರು ಮಹಾರಾಷ್ಟ್ರದ ಕಾಡುಜಿಲ್ಲೆ ಗಡಚಿರೋಲಿಯಲ್ಲಿ ನೆಲೆಸಿದರೆಂಬುದು ನಿಜವೇ. ಆದರೂ ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಅವರ ಲೆಕ್ಕದ ಶಿಸ್ತು.

1980ರ ದಶಕದಲ್ಲಿ ಅವರು ಕಟ್ಟಿದ ‘ಸರ್ಚ್’ ಸಂಸ್ಥೆ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನೂ ತೀರಿಕೊಂಡ ಕೂಸುಗಳನ್ನೂ ಮನೆಮನೆಗೆ ಹೋಗಿ ದಾಖಲಿಸತೊಡಗಿದಾಗ, ಸಾವುಗಳಲ್ಲಿ ದೊಡ್ಡ ಪಾಲು ನ್ಯುಮೋನಿಯಾದ್ದೆಂದು ಕಂಡುಬಂತು. ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ, ಎರಡು ತಿಂಗಳು ದಾಟಿದ, ಒಂದು ವರ್ಷ ತುಂಬದ ಕೂಸು 50 ಅಥವಾ ಹೆಚ್ಚು ಬಾರಿ ಉಸಿರಾಡಿದರೆ ನ್ಯುಮೋನಿಯಾ ಎಂದು ಶಂಕಿಸಬೇಕು. ಆದರೆ ಅಕ್ಷರ ಕಲಿಯದ ಸೂಲಗಿತ್ತಿ ಅಷ್ಟು ದೂರ ಎಣಿಸುವುದು ಹೇಗೆ? ಅದಕ್ಕೆಂದೇ ಬಂಗ್ ದಂಪತಿ ಒಂದು ಸಾಧನ ಮಾಡಿದರು: ಒಂದು ನಿಮಿಷದ ಮರಳುಗಡಿಯಾರ, ಪಕ್ಕದಲ್ಲಿ ವಯಸ್ಸಿಗೊಂದರಂತೆ ಎರಡು ಸಾಲು ಮಣಿಗಳು, ಪ್ರತಿ ಸಾಲಿನ ಕೊನೆಯದು ಕೆಂಪು. ಹತ್ತು ಉಸಿರಿಗೊಂದು ಮಣಿ ಸರಿಸುತ್ತ ಹೋಗಬೇಕು. ಮರಳು ಪೂರ್ತಿ ಇಳಿಯುವ ಮೊದಲೇ ಕೆಂಪು ಮಣಿ ಸರಿಯಿತೆಂದರೆ ಔಷಧ ಶುರು. ಹತ್ತರವರೆಗೆ ಎಣಿಸಲು ಬಂದರೆ ಸಾಕು. ಇಷ್ಟು ಸರಳವಾದದ್ದನ್ನು ಹೊಳೆಯಿಸಿಕೊಳ್ಳಬೇಕಾದರೆ ಆ ಸೂಲಗಿತ್ತಿಯ ಪಕ್ಕದಲ್ಲಿ ಬಹಳ ಹೊತ್ತು ಕುಳಿತಿರಬೇಕು.

ಮುಂದಿನ ಪ್ರಯೋಗ ನವಜಾತ ಶಿಶುಗಳದ್ದು. 39 ಹಳ್ಳಿಗಳಲ್ಲಿ ತರಬೇತಿ ಪಡೆದ ಊರಿನ ಹೆಣ್ಣುಮಕ್ಕಳು ಬಾಣಂತಿಯ ಮನೆಗೆ ಹೋಗಿ ಕೂಸನ್ನು ತೂಗಿ, ಬೆಚ್ಚಗಿರಿಸಿ, ನಂಜು ಏರಿದ ಲಕ್ಷಣ ಕಂಡಾಗ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಚುಚ್ಚುಮದ್ದನ್ನೂ ಕೊಟ್ಟರು. ಹೋಲಿಕೆಗೆಂದು ಈ ಆರೈಕೆಯಿಲ್ಲದ 47 ಹಳ್ಳಿಗಳಿದ್ದವು. ಮೂರನೆಯ ವರ್ಷದ ಹೊತ್ತಿಗೆ, ಹೋಲಿಕೆಯ ಹಳ್ಳಿಗಳಿಗೆ ಎದುರಾಗಿಟ್ಟು ನೋಡಿದಾಗ ನವಜಾತ ಶಿಶುಮರಣ ಶೇ. 62ರಷ್ಟು ಇಳಿದಿತ್ತೆಂಬ ವರದಿ 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯರಲ್ಲದವರ ಕೈಗೆ ಸೂಜಿ ಕೊಡುವುದೆಂದರೆ ಹುಬ್ಬೇರಿಸುವವರಿಗೆ ಈ ಅಂಕಿಯೇ ಉತ್ತರ. ಹೋಲಿಕೆಯ ಹಳ್ಳಿಗಳಿಲ್ಲದಿದ್ದರೆ ಅದೂ ಒಂದು ಹೊಗಳಿಕೆಯ ಕಥೆಯಾಗಿ ಉಳಿಯುತ್ತಿತ್ತು.

2011ರಲ್ಲಿ ಭಾರತ ಸರ್ಕಾರ ಈ ಮಾದರಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ದೇಶಕ್ಕೆಲ್ಲ ವಿಸ್ತರಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ 3ನೆಯ ದಿನದಿಂದ 42ನೆಯ ದಿನದೊಳಗೆ ಆರು ಬಾರಿ ಹೋಗುತ್ತಾಳೆ. ಆದರೆ ಚುಚ್ಚುಮದ್ದು ಅವಳ ಚೀಲ ಸೇರಲಿಲ್ಲ, ನಂಜಿನ ಲಕ್ಷಣ ಕಂಡರೆ ಆಸ್ಪತ್ರೆಗೆ ಕಳಿಸಬೇಕು. ಆಸ್ಪತ್ರೆ ದೂರವಿರುವ ಊರುಗಳಿಗೆ ಈ ಏರ್ಪಾಡು ಹೊಂದುವುದಿಲ್ಲವೆಂದೇ ನನ್ನ ಅನಿಸಿಕೆ. ಏಕೆಂದರೆ ಗಡಚಿರೋಲಿಯಲ್ಲಿ ಆ ಹೆಣ್ಣುಮಕ್ಕಳು ಸೂಜಿ ಹಿಡಿದದ್ದೇ ತಂದೆತಾಯಿ ಕೂಸನ್ನು ಆಸ್ಪತ್ರೆಗೆ ಒಯ್ಯಲು ಒಪ್ಪದಿದ್ದಾಗ.