ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸದ ಬಂಗಾಳ

ಕಳೆದ ಶನಿವಾರ ಮಗಳ ಜೊತೆ ಪಕ್ಕದ ಮನೆ ಹುಡುಗನನ್ನೂ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಟಿಪ್ಪುವಿನ ಮರದ ಹುಲಿಯ ಮುಂದೆ ನಿಂತು, 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಅದನ್ನು ಶ್ರೀರಂಗಪಟ್ಟಣದಿಂದ ಹೊತ್ತು ತಂದ ಕಥೆ ಹೇಳುತ್ತಿದ್ದೆ. ಹುಡುಗನಿಗೆ ಒಂಬತ್ತು ವರ್ಷ. ಅವನ ಅಜ್ಜಿ ಢಾಕಾ ಕಡೆಯವರು. ಎಲ್ಲ ಕೇಳಿಸಿಕೊಂಡು ಅವನು, "ಆಂಟಿ, ನಮ್ಮೂರಿಂದ ಇಂಥದ್ದೇನೂ ತಂದಿಲ್ವಾ? ಅಲ್ಲಿ ತರೋಕೆ ಏನೂ ಇರ್ಲಿಲ್ಲ ಅನ್ಸುತ್ತೆ" ಅಂದ.

ಕರುಳು ಚುರ್ ಅಂತು.

ಮೊಘಲರ ಸುಬಾಗಳಲ್ಲಿ, ಅಂದರೆ ಪ್ರಾಂತ್ಯಗಳಲ್ಲಿ, ಢಾಕಾ ಇದ್ದ ಬಂಗಾಳದಷ್ಟು ಸಿರಿವಂತ ಸುಬಾ ಇನ್ನೊಂದು ಸಿಗೋದು ಕಷ್ಟ. ಅಕ್ಕಿ, ಸಕ್ಕರೆ, ರೇಷ್ಮೆ, ಢಾಕಾದ ತೆಳುವಾದ ಹತ್ತಿ ಬಟ್ಟೆ ಮಸ್ಲಿನ್. ಡಚ್ಚರು, ಇಂಗ್ಲಿಷರು, ಫ್ರೆಂಚರು ಹಡಗಿನಲ್ಲಿ ಬೆಳ್ಳಿ ತಂದು ಕೊಳ್ಳಬೇಕಿತ್ತು. ಅವರ ಸರಕು ಅಲ್ಲಿ ಅಷ್ಟಾಗಿ ಯಾರಿಗೂ ಬೇಕಿರಲಿಲ್ಲ. 1700ರಲ್ಲಿ ಔರಂಗಜೇಬ್ ಅಲ್ಲಿಗೆ ಕಂದಾಯ ನೋಡಿಕೊಳ್ಳಲು ಹೊಸ ದಿವಾನನನ್ನು ಕಳಿಸಿದ. ಮುಂದೆ ಮುರ್ಶಿದ್ ಕುಲಿ ಖಾನ್ ಅಂತ ಹೆಸರಾದವನು ಇವನೇ. ವರ್ಷಕ್ಕೆ ಸುಮಾರು 1 ಕೋಟಿ ರೂಪಾಯಿ ಕಂದಾಯ ಕಳಿಸುತ್ತಿದ್ದ. ಬಾದಶಹನ ದಖ್ಖನ್ ಯುದ್ಧ ಕೊನೆಯ ವರ್ಷಗಳಲ್ಲಿ ನಡೆದಿದ್ದು ಬಹುಪಾಲು ಆ ದುಡ್ಡಿನ ಮೇಲೆ. 1705ರಲ್ಲಿ ನಮ್ಮ ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಬಾದಶಹನೇ ಬಂದು ಮುತ್ತಿಗೆ ಹಾಕಿದನಲ್ಲ, ಆ ದಂಡಿನ ಸಂಬಳಕ್ಕೂ ಬಂಗಾಳವೇ ಆಸರೆ. ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು ಆ ಗುಡ್ಡ ಹತ್ತಿದ್ದೆ. ನಮ್ಮ ಸುರಪುರದ ನಾಯಕ ಅರಸರು ಎದುರು ನಿಂತ ಕಥೆಯನ್ನು ಅಪ್ಪ ಎಷ್ಟು ಚೆಂದ ಹೇಳಿದ್ದರು! ಗುಡ್ಡದ ಕೆಳಗಿದ್ದ ದಂಡಿಗೆ ದುಡ್ಡು ಎಲ್ಲಿಂದ ಬಂತು ಅಂತ ನಾನು ಕೇಳಲೇ ಇಲ್ಲ.

ಹುಲಿಯನ್ನಾದರೆ ಹೊತ್ತು ತರಬಹುದು. ಬಂಗಾಳದಿಂದ ತಂದದ್ದು ಬೇರೆ ಥರ. 1757ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪ್ಲಾಸಿ ಯುದ್ಧ ಗೆದ್ದಿತು, 1765ರಲ್ಲಿ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಕಂಪನಿಯ ಕೈಗೆ ಬಂತು. ಆಮೇಲೆ ಬೆಳ್ಳಿ ತರುವ ತಾಪತ್ರಯವೇ ಹೆಚ್ಚುಕಡಿಮೆ ತಪ್ಪಿತು. ಅಲ್ಲಿಯ ಕಂದಾಯದಿಂದಲೇ ಅಲ್ಲಿಯ ಬಟ್ಟೆ ಕೊಂಡು ತಂದು ಇಲ್ಲಿ ಲಂಡನ್ನಿನಲ್ಲಿ ಮಾರಿದರು. ಅಂದರೆ ನೇಕಾರನ ಕೈಗೆ ಬಂದ ದುಡ್ಡೂ ಅವನ ಊರಿನದೇ. 1770ರ ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಸತ್ತಾಗಲೂ ವಸೂಲಿ ನಿಲ್ಲಲಿಲ್ಲ. ಇದನ್ನೆಲ್ಲ ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡೋಕಾಗುತ್ತೆ?

ಬೆಂಗಳೂರಲ್ಲಿದ್ದಾಗ ಚಿಂದಿ ಆಯುವವರನ್ನು ಕಂಡರೆ "ಬಾಂಗ್ಲಾದವರು" ಅಂತ ಸುಮ್ನೆ ಅಂದುಬಿಡುತ್ತಿದ್ದೆವು. ಆ ದನಿ ಹೇಗಿರುತ್ತೆ ಅಂತ ನಿಮಗೂ ಗೊತ್ತು. ನಾನೂ ಅಂದಿದ್ದೇನೆ. ಶನಿವಾರದಿಂದ ಅದು ಮುಳ್ಳಿನ ಹಾಗೆ ಚುಚ್ಚುತ್ತಿದೆ.

ಆ ಸಂಜೆ ಹುಡುಗನನ್ನು ಬಿಡಲು ಹೋದಾಗ ಅವನು ಕೇಳಿದ್ದನ್ನು ಅವನ ಅಜ್ಜಿಗೆ ಹೇಳಿದೆ. ಅವರು ಮಾತಾಡದೆ ಒಳಗೆ ಹೋಗಿ ತಮ್ಮ ಮದುವೆಯ ಜಾಮದಾನಿ ಸೀರೆ ತಂದರು; ಮಸ್ಲಿನ್ ಥರದ್ದೇ ತೆಳು ನೇಯ್ಗೆ. ಮಡಿಕೆಗಳಲ್ಲಿ ಬಣ್ಣ ಸ್ವಲ್ಪ ಮಾಸಿತ್ತು. ಮೆಲ್ಲಗೆ ಬಿಡಿಸಿ ಸೋಫಾ ಮೇಲೆ ಹರಡಿದರು. ಹುಡುಗ ಸೆರಗಿನ ಕೆಳಗೆ ಕೈ ತೂರಿಸಿದ. ಬೂಟಾಗಳ ನಡುವೆ ಅವನ ಐದೂ ಬೆರಳು ಕಂಡವು.

"ಇದು ನಮ್ಮೂರಲ್ಲೇ ಮಾಡಿದ್ದಾ?"

ಅಜ್ಜಿ ಹೂಂ ಅಂದರು. ಅವನು ಕೈ ತೆಗೆಯಲೇ ಇಲ್ಲ.