ಈ ಆಡಿಟರ್‌ನ ಕಳಿಸಿದ್ದು ಯಾರು?

ಕೃಷಿ ವ್ಯವಹಾರದಲ್ಲಿ ಆಡಿಟ್ ಅಂದ ಕೂಡಲೇ ತುಂಬಾ ಜನ ತೆರಿಗೆ, ಸಾಲ, ಲೆಕ್ಕಪತ್ರ ಅಂತ ಯೋಚಿಸುತ್ತಾರೆ. ಅದೂ ಇದೆ, ಇಲ್ಲ ಅಂತಲ್ಲ. ಆದರೆ ಔಷಧಿ ಎಷ್ಟು ಹೊಡೆದಿರಿ, ನೀರು ಎಲ್ಲಿಯದು, ಕೂಲಿ ಸರಿಯಾಗಿ ಕೊಟ್ಟಿರಾ, ಸಾವಯವ ಅಂತ ಮಾರಿದ್ದು ನಿಜಕ್ಕೂ ಸಾವಯವವಾ, ಹೀಗೆ ಒಂದೊಂದು ಪ್ರಶ್ನೆ ಹಿಡಿದು ಒಬ್ಬೊಬ್ಬರು ಬರುತ್ತಾರೆ. ಎಲ್ಲರಿಗೂ ಒಂದೇ ಫೈಲು ತೋರಿಸಲು ಹೋದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ನಾನು ಮೊದಲು ನೋಡುವುದು ಒಂದೇ: ಇವರನ್ನು ಕಳಿಸಿದ್ದು ಯಾರು?

ನಿಮ್ಮದೇ ಜನ ನೋಡಿದರೆ ಅದು ಒಳ ಆಡಿಟ್. ಮಾಲು ಕೊಳ್ಳುವ ಕಂಪನಿ ಕಳಿಸಿದರೆ ಎರಡನೇ ಪಾರ್ಟಿ ಆಡಿಟ್, ಅಲ್ಲಿ ಫೇಲಾದರೆ ಆ ಒಬ್ಬ ಗಿರಾಕಿ ಹೋಗುತ್ತಾನೆ. ಇಬ್ಬರಿಗೂ ಸೇರದ ಪ್ರಮಾಣೀಕರಣ ಸಂಸ್ಥೆಯವರು ಬಂದರೆ ಮೂರನೇ ಪಾರ್ಟಿ ಆಡಿಟ್. ಇಲ್ಲಿ ಸರ್ಟಿಫಿಕೇಟೇ ಹೋಗುತ್ತದೆ, ಅದನ್ನು ನೋಡಿ ಕೊಳ್ಳುತ್ತಿದ್ದವರೆಲ್ಲ ಅದರ ಹಿಂದೆಯೇ ಹೋಗುತ್ತಾರೆ. ಸರ್ಕಾರದ ಇನ್‌ಸ್ಪೆಕ್ಟರ್ ಬಂದರೆ ಮಾತೇ ಬೇರೆ, ಅವರು ನೋಡುವುದು ಕಾನೂನು. ದಂಡ ಬೀಳಬಹುದು, ಮಾಲು ತಡೆಹಿಡಿಯಬಹುದು.

ಮೂರನೇ ಪಾರ್ಟಿಯಲ್ಲಿ ಹಣ್ಣು ತರಕಾರಿಯವರಿಗೆ ಜಾಸ್ತಿ ಎದುರಾಗುವುದು ಒಳ್ಳೆಯ ಕೃಷಿ ಪದ್ಧತಿಯ ಮಾನದಂಡವಾದ ಗ್ಲೋಬಲ್‌ಗ್ಯಾಪ್. 1997ರಲ್ಲಿ ಯುರೋಪಿನ ಚಿಲ್ಲರೆ ಮಾರಾಟ ಕಂಪನಿಗಳು ಯುರೆಪ್‌ಗ್ಯಾಪ್ ಅಂತ ಶುರು ಮಾಡಿದ್ದು, 2007ರಲ್ಲಿ ಈ ಹೆಸರಾಯಿತು. ಅದರಲ್ಲಿ 'ಮೇಜರ್ ಮಸ್ಟ್' ಅಂಶಗಳು ಶೇ 100 ಸರಿ ಇರಬೇಕು, 'ಮೈನರ್ ಮಸ್ಟ್' ಶೇ 95. ಕಾಗದದ ಮೇಲೆ ಇದು ಸ್ವಯಂಪ್ರೇರಿತ. ಕೊಳ್ಳುವವನು ಅದಿಲ್ಲದೆ ಮಾಲು ಮುಟ್ಟುವುದಿಲ್ಲ ಅಂದ ಮೇಲೆ ಸ್ವಯಂಪ್ರೇರಿತ ಎಲ್ಲಿ ಬಂತು ಅಲ್ವಾ?

ಇಂಥ ಆಡಿಟ್‌ನಲ್ಲಿ ನಿಜವಾದ ಪರೀಕ್ಷೆ ನಡೆಯುವುದು ಸಿಂಪಡಣೆ ಪುಸ್ತಕದಲ್ಲಿ. ಪುಸ್ತಕ ಇದೆ ಅಂತ ತೋರಿಸಿದರೆ ಮುಗಿಯಲಿಲ್ಲ. ಆಡಿಟರ್ ಸುಮ್ನೆ ಯಾವುದೋ ಒಂದು ಸಾಲಿನ ಮೇಲೆ ಬೆರಳಿಡುತ್ತಾರೆ. ಆ ದಿನ ಹೊಡೆದ ಔಷಧಿಯ ರಸೀದಿ ಎಲ್ಲಿ? ಲೇಬಲ್‌ನಲ್ಲಿ ಈ ಬೆಳೆಯ ಹೆಸರಿದೆಯಾ? ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಲೇಬಲ್ ಹೇಳುತ್ತದಲ್ಲ, ಕೊಯ್ಲಿನ ಪುಸ್ತಕದ ತಾರೀಖು ಅದಕ್ಕೆ ಹೊಂದುತ್ತದಾ? ಸ್ಟೋರಿನಲ್ಲಿ ಉಳಿದ ಔಷಧಿಗೂ ದಾಸ್ತಾನು ಪುಸ್ತಕಕ್ಕೂ ತಾಳೆಯಾಗುತ್ತದಾ? ಖಾಲಿ ಕ್ಯಾನ್ ಮೂರು ಸಲ ತೊಳೆದು ತೂತು ಮಾಡಿದ್ದೀರಾ, ಇಲ್ಲ ಯಾರೋ ನೀರು ತುಂಬಿಸಲು ಒಯ್ದರಾ? ಒಂದೇ ಸಾಲಿನಿಂದ ಇಷ್ಟು ದೂರ ಹೋಗುತ್ತಾರೆ. ಹಿಂದಿನ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ ಬರೆದ ಪುಸ್ತಕ ಇಲ್ಲೇ ಸಿಕ್ಕಿಬೀಳುವುದು.

ಮಾಲಿನಲ್ಲಿ ಉಳಿದ ಔಷಧಿಯ ಪರೀಕ್ಷೆ ಬೇರೆಯೇ ಇದೆ. ಯುರೋಪಿನಲ್ಲಿ ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧಿಗೆ ಸಾಮಾನ್ಯ ಮಿತಿ ಕೆಜಿಗೆ 0.01 ಮಿಲಿಗ್ರಾಂ. ಅಂದರೆ ನೀವು ಹೊಡೆಯದೇ ಇದ್ದರೂ ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿ ಬಂದದ್ದು ಸಾಕು, ಮಾಲು ವಾಪಸ್ಸು.

ಸಾವಯವ ಆಡಿಟ್ ಇದಕ್ಕಿಂತ ಹಟಮಾರಿ. ಅಮೆರಿಕದ ನಿಯಮದಲ್ಲಿ ಕೊಯ್ಲಿಗೆ ಮುಂಚಿನ 3 ವರ್ಷ ಆ ಜಮೀನಿಗೆ ನಿಷೇಧಿತ ವಸ್ತು ಬಿದ್ದಿರಬಾರದು. ಯುರೋಪಿನಲ್ಲಿ ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ ಬಿತ್ತನೆಗೆ ಮುಂಚೆ 2 ವರ್ಷದ ಪರಿವರ್ತನೆ ಅವಧಿ. ಆದರೆ ನನಗೆ ತುಂಬಾ ಬುದ್ಧಿವಂತಿಕೆ ಅನ್ನಿಸುವುದು ತೂಕದ ಲೆಕ್ಕ: ಜಮೀನು ಇಷ್ಟು, ಬೀಜ ಇಷ್ಟು, ಅಲ್ಲಿ ಬೆಳೆಯಬಹುದಾದದ್ದು 10 ಟನ್, ನೀವು ಸಾವಯವ ಅಂತ ಮಾರಿದ್ದು 14 ಟನ್, ಹಾಗಾದರೆ ಆ 4 ಟನ್ ಎಲ್ಲಿಂದ ಬಂತು ಸ್ವಾಮಿ? ಪ್ರಯೋಗಾಲಯವೂ ಬೇಡ, ಕೂಡುವುದು ಕಳೆಯುವುದು ಬಂದರೆ ಸಾಕು.

ಕೂಲಿಯವರ ವಿಷಯಕ್ಕೆ ಬರುವ ಆಡಿಟ್ ಇದೆ. ಸ್ಮೆಟಾ, ಗ್ಲೋಬಲ್‌ಗ್ಯಾಪ್‌ನ ಜೊತೆಗೆ ಬರುವ ಗ್ರಾಸ್ಪ್, ಇವೆಲ್ಲ ಆ ಗುಂಪಿನವು. ಕೂಲಿ, ಕೆಲಸದ ಹೊತ್ತು, ವಯಸ್ಸಿನ ದಾಖಲೆ, ಸುರಕ್ಷತೆ ನೋಡುತ್ತಾರೆ. ಸ್ಮೆಟಾದಲ್ಲಿ ಕೆಲಸದವರನ್ನು ಯಜಮಾನರಿಲ್ಲದ ಕಡೆ ಕೂರಿಸಿ ಮಾತಾಡಿಸುತ್ತಾರೆ. ಮೇಸ್ತ್ರಿ ಅಲ್ಲೇ ಸುತ್ತಾಡುತ್ತಿದ್ದರೆ ಅದೂ ಅವರ ಕಣ್ಣಿಗೆ ಬೀಳುತ್ತದೆ. ಇಲ್ಲಿ ಹಳೆಯ ಸಿಂಪಡಣೆ ಪುಸ್ತಕ ಮತ್ತೆ ಹೊರಗೆ ಬರಬಹುದು. ಔಷಧಿ ಹೊಡೆದವನ ಹೆಸರು ಅದರಲ್ಲಿದೆ, ಹಾಜರಿ ಪುಸ್ತಕದಲ್ಲಿ ಅದೇ ದಿನ ಅವನು ರಜೆ. ಈಗ ಯಾವ ಪುಸ್ತಕ ಸುಳ್ಳು?

ಪರಿಸರದ ಆಡಿಟ್ ನೀರು, ತ್ಯಾಜ್ಯ, ಮಣ್ಣು, ಕಾಡು ಇಷ್ಟರ ಸುತ್ತ ಇರುತ್ತದೆ. ಯುರೋಪಿನ ಹೊಸ ಅರಣ್ಯನಾಶ ತಡೆ ನಿಯಮವೂ ಈ ಕಡೆಯದೇ. ಕಾಫಿ, ಕೋಕೋ, ರಬ್ಬರ್‌ನಂಥ ಮಾಲು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿರಬಾರದು. ಸಹಾಯಧನ, ಸಾಲದ ಆಡಿಟ್ ಬಗ್ಗೆ ಹೇಳುವುದು ಕಡಿಮೆ. ಯಾವ ಕೆಲಸಕ್ಕೆ ದುಡ್ಡು ತಗೊಂಡಿರೋ ಅದಕ್ಕೇ ಹಾಕಿದ ಬಿಲ್ಲು ಇಟ್ಟುಕೊಳ್ಳಿ, ಅಷ್ಟೆ.

ಎಲ್ಲ ಆಡಿಟ್ ಹೇಳಿ ಬರುವುದಿಲ್ಲ, ಇದನ್ನೂ ತಿಳಿದಿರಿ. ಗ್ಲೋಬಲ್‌ಗ್ಯಾಪ್‌ನಲ್ಲೂ ಸಾವಯವದಲ್ಲೂ ಮುನ್ಸೂಚನೆ ಇಲ್ಲದ ಭೇಟಿಗೆ ಅವಕಾಶವಿದೆ. ಇನ್ನು ಕೊನೆಗೆ ಕೈಗೆ ಕೊಡುವ ಕೊರತೆಗಳ ಪಟ್ಟಿಗೆ ತಲೆಯಾಡಿಸಿ ಸಹಿ ಹಾಕುವವರೇ ಜಾಸ್ತಿ. ಹಾಗೆ ಮಾಡಬೇಡಿ. ಪ್ರತಿಯೊಂದಕ್ಕೂ ಯಾವ ಕಲಮು, ಯಾವ ಸಾಕ್ಷಿ, ಸರಿಪಡಿಸಲು ಎಷ್ಟು ದಿನ ಅಂತ ಕೇಳಿ ಬರೆಸಿಕೊಳ್ಳಿ. ಒಪ್ಪಿಗೆಯಿಲ್ಲದಿದ್ದರೆ ಜಗಳ ಬೇಡ, ಪ್ರಮಾಣೀಕರಣ ಸಂಸ್ಥೆಗೇ ಬರೆಯಿರಿ. ಐಎಸ್‌ಒ 17065 ಮಾನದಂಡದ ಪ್ರಕಾರ ಮಾನ್ಯತೆ ಪಡೆದ ಸಂಸ್ಥೆ ದೂರು ಮತ್ತು ಮೇಲ್ಮನವಿ ಕೇಳುವ ವ್ಯವಸ್ಥೆ ಇಟ್ಟುಕೊಂಡಿರಲೇಬೇಕು.