ಬೂಸ್ಟರ್ ಕೊಳ್ಳುವ ಮುನ್ನ: ಟವರ್‌ನಿಂದ ಡಿಜಿಟಲ್ ಟಿವಿ ಹಿಡಿಯುವ ಬಗೆ

ಟಿವಿಯ ಸಿಗ್ನಲ್ ಮೆನು ತೆರೆದರೆ ಎರಡು ಗೆರೆ ಕಾಣುತ್ತವೆ. ಒಂದು ಬಲದ್ದು, ಇನ್ನೊಂದು ಗುಣಮಟ್ಟದ್ದು. ಹೆಚ್ಚಿನವರ ಕಣ್ಣು ಬಲದ ಗೆರೆಯ ಮೇಲೇ. ಅದು 90ರಲ್ಲಿ ನಿಂತಿದ್ದರೂ ಚಿತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ, ಮಾತು ನಡುನಡುವೆ ನುಂಗಿಹೋಗುತ್ತಿದ್ದರೆ, ಟಿವಿಯೇ ಕೆಟ್ಟಿದೆ ಅನ್ನಿಸುವುದು ಸಹಜ. ಆದರೆ ಬಲದ ಗೆರೆ ಆ ಆವರ್ತನದಲ್ಲಿ ಒಳಗೆ ಬಂದದ್ದನ್ನೆಲ್ಲ ಒಟ್ಟಿಗೆ ಅಳೆಯುತ್ತದೆ: ಬೇಕಾದ ಸಿಗ್ನಲ್, ಬೇಡದ ಗದ್ದಲ, ಎಲ್ಲಿಂದಲೋ ತೂರಿಬಂದ ಇನ್ನೊಂದು ಟವರ್‌ನ ಪ್ರಸಾರ. ಅದರಲ್ಲಿ ಎಷ್ಟನ್ನು ತಪ್ಪಿಲ್ಲದೆ ಬಿಡಿಸಿ ಓದಲಾಯಿತು ಎಂಬುದನ್ನು ಹೇಳುವುದು ಗುಣಮಟ್ಟದ ಗೆರೆ. ಟಿವಿಯ ಹಿಂಬದಿಗೆ ಸಿಕ್ಕಿಸುವ ಬೂಸ್ಟರ್, ಅಂದರೆ ಸಿಗ್ನಲ್ ವರ್ಧಕ, ಮೊದಲ ಗೆರೆಯನ್ನು ಮೇಲೆತ್ತುತ್ತದೆ, ಎರಡನೆಯದು ಬಹುಪಾಲು ಇದ್ದಲ್ಲೇ ಇರುತ್ತದೆ.

ಅನಲಾಗ್ ಕಾಲದಲ್ಲಿ ಸಿಗ್ನಲ್ ಸೊರಗಿದಷ್ಟೂ ಪರದೆಯ ಮೇಲೆ ಚುಕ್ಕೆಮಳೆ ಹೆಚ್ಚುತ್ತಿತ್ತು, ಆದರೂ ಮುಖ ಗುರುತಾಗುತ್ತಿತ್ತು. ಡಿಜಿಟಲ್‌ನಲ್ಲಿ ಆ ಇಳಿಜಾರು ಇಲ್ಲ, ಇರುವುದು ಪ್ರಪಾತ. ಟವರ್‌ನಿಂದ ಡಿಜಿಟಲ್ ಟಿವಿ ಪ್ರಸಾರ ಮಾಡುವ ಒಂದು ಮಾನದಂಡ ಡಿವಿಬಿ-ಟಿ, ಅದರ ಮುಂದಿನ ಆವೃತ್ತಿ ಡಿವಿಬಿ-ಟಿ2. ಡಿವಿಬಿ-ಟಿಯಲ್ಲಿ 64-ಕ್ಯೂಎಎಂ (ಅಲೆಗೆ ಮಾಹಿತಿ ತುಂಬುವ ವಿಧಾನ), ಕೋಡ್ ದರ 2/3 (ಮೂರರಲ್ಲಿ ಎರಡು ಪಾಲು ಮಾಹಿತಿ, ಉಳಿದದ್ದು ತಪ್ಪು ತಿದ್ದಲು) ಇದ್ದರೆ ಗದ್ದಲಕ್ಕಿಂತ ಸಿಗ್ನಲ್ ಸುಮಾರು 17 ಡಿಬಿ (ಡೆಸಿಬೆಲ್, ಎರಡು ಬಲಗಳ ಅನುಪಾತದ ಅಳತೆ) ಮೇಲಿರಬೇಕು. ಪ್ರತಿಫಲನ ಜಾಸ್ತಿ ಇರುವ ಜಾಗದಲ್ಲಿ 19ರಿಂದ 20 ಬೇಕು. ಡಿವಿಬಿ-ಟಿ2ರಲ್ಲಿ 256-ಕ್ಯೂಎಎಂ ಬಳಸಿದರೂ ಅಗತ್ಯ ಹೆಚ್ಚುಕಡಿಮೆ ಅಷ್ಟೇ, ಒಳಗೆ ತುಂಬುವ ಮಾಹಿತಿ ಮಾತ್ರ ಹೆಚ್ಚು. ಆ ಗಡಿಗಿಂತ ಒಂದು ಡಿಬಿ ಮೇಲಿದ್ದರೆ ಚಿತ್ರ ಕನ್ನಡಿ, ಒಂದು ಡಿಬಿ ಕೆಳಗಿದ್ದರೆ ಕಪ್ಪು ಪರದೆ. ಹಾಗಾಗಿ ಇವತ್ತು ಚಿತ್ರ ಚೆನ್ನಾಗಿ ಬರುತ್ತಿದೆ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಗಡಿಯ ಮೇಲೆ 6ರಿಂದ 10 ಡಿಬಿ ಉಳಿಕೆ ಇದ್ದರೆ ಮಾತ್ರ ಗಾಳಿ, ಮಳೆ, ಚಿಗುರಿದ ಮರ ಎಲ್ಲವನ್ನೂ ಅದು ತಾಳಿಕೊಳ್ಳುತ್ತದೆ.

ಏಣಿ ಹತ್ತುವ ಮೊದಲು ನಾಲ್ಕು ಸಂಗತಿ ತಿಳಿದಿರಬೇಕು. ಟವರ್ ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆ, ಯಾವ ಆರ್‌ಎಫ್ ಚಾನೆಲ್‌ಗಳಲ್ಲಿ (ರೇಡಿಯೋ ಆವರ್ತನದ ತುಂಡುಗಳಲ್ಲಿ) ಪ್ರಸಾರ ಮಾಡುತ್ತದೆ, ಧ್ರುವೀಕರಣ, ಅಂದರೆ ಅಲೆ ಕಂಪಿಸುವ ದಿಕ್ಕು, ಅಡ್ಡವೋ ಲಂಬವೋ, ಮತ್ತು ಪ್ರಸಾರದ ಮಾನದಂಡ ಯಾವುದು. ಕೊನೆಯದನ್ನು ಮರೆತು ದಿನಗಟ್ಟಲೆ ಆಂಟೆನಾ ತಿರುಗಿಸುವವರಿದ್ದಾರೆ. ಡಿವಿಬಿ-ಟಿ ಮಾತ್ರ ಬಲ್ಲ ಟಿವಿಗೆ ಟಿ2 ಸಿಗ್ನಲ್ ಎಷ್ಟೇ ಗಟ್ಟಿಯಾಗಿ ಬಂದರೂ ಅದು ಬರೀ ಗದ್ದಲ. ಟಿ2 ಇದ್ದೂ ಎಚ್‌ಇವಿಸಿ (ಚಿತ್ರವನ್ನು ಅಡಕಗೊಳಿಸುವ ಹೊಸ ವಿಧಾನ) ಬಿಡಿಸಲಾರದ ಟಿವಿಯಲ್ಲಿ ಮಾತು ಬಂದು ಚಿತ್ರ ಬಾರದೆ ಇರುವುದುಂಟು. 8 ಮೆಗಾಹರ್ಟ್ಜ್ ಅಗಲದ ಯುರೋಪಿನ ಮಾದರಿಯ ಯುಎಚ್‌ಎಫ್ (ಟಿವಿ ಬಳಸುವ ಮೇಲಿನ ಆವರ್ತನ ಪಟ್ಟಿ) ಹಂಚಿಕೆಯಲ್ಲಿ ಲೆಕ್ಕ ಸುಲಭ: ಚಾನೆಲ್ ಸಂಖ್ಯೆಯನ್ನು 8ರಿಂದ ಗುಣಿಸಿ 306 ಕೂಡಿಸಿದರೆ ನಡು ಆವರ್ತನ ಸಿಗುತ್ತದೆ. ಚಾನೆಲ್ 21 ಅಂದರೆ 474 ಮೆಗಾಹರ್ಟ್ಜ್, 48 ಅಂದರೆ 690. ಇಲ್ಲಿ ಒಂದು ಆರ್‌ಎಫ್ ಚಾನೆಲ್ ಅಂದರೆ ಒಂದು ಮಲ್ಟಿಪ್ಲೆಕ್ಸ್, ಅದರೊಳಗೆ ಹಲವು ವಾಹಿನಿಗಳು ಒಟ್ಟಿಗೆ ಪ್ರಯಾಣಿಸುತ್ತವೆ. ಹೋದರೂ ಒಟ್ಟಿಗೇ ಹೋಗುತ್ತವೆ.

ದೂರದ ಲೆಕ್ಕಕ್ಕೆ ಇನ್ನೊಂದು ಸೂತ್ರ. ಟವರ್‌ನ ಎತ್ತರದ ವರ್ಗಮೂಲಕ್ಕೆ ಆಂಟೆನಾ ಎತ್ತರದ ವರ್ಗಮೂಲ ಕೂಡಿಸಿ, ಬಂದದ್ದನ್ನು 4.12ರಿಂದ ಗುಣಿಸಿ. ಎತ್ತರ ಮೀಟರ್‌ನಲ್ಲಿ, ಉತ್ತರ ಕಿಲೋಮೀಟರ್‌ನಲ್ಲಿ. 150 ಮೀಟರ್ ಟವರ್, 9 ಮೀಟರ್ ಎತ್ತರದ ಆಂಟೆನಾ ಇದ್ದರೆ ಸುಮಾರು 63 ಕಿಲೋಮೀಟರ್. ವಾತಾವರಣ ಅಲೆಯನ್ನು ಸ್ವಲ್ಪ ಬಾಗಿಸುವುದನ್ನೂ ಈ ಸೂತ್ರ ಲೆಕ್ಕಕ್ಕೆ ಹಿಡಿದಿದೆ. ನಡುವೆ ಗುಡ್ಡವಿದ್ದರೆ ಸೂತ್ರ ಬದಿಗಿಡಿ. ಅಂಥ ಕಡೆ ಹತ್ತಿರದ ಚಿಕ್ಕ ಮರುಪ್ರಸಾರ ಟವರ್ ಇದ್ದರೆ ಅದೇ ಮೇಲು, ಆದರೆ ಅದರ ಧ್ರುವೀಕರಣ ಮುಖ್ಯ ಟವರ್‌ಗಿಂತ ಬೇರೆ ಇರುವ ಸಾಧ್ಯತೆ ಹೆಚ್ಚು. ಆಂಟೆನಾ ಕಡ್ಡಿಗಳು ಮಲಗಿರಬೇಕಾದಲ್ಲಿ ನಿಂತಿದ್ದರೆ 15ರಿಂದ 20 ಡಿಬಿ ನಷ್ಟ. ಅಷ್ಟನ್ನು ಯಾವ ಬೂಸ್ಟರೂ ತುಂಬಿಕೊಡದು.

ಆಂಟೆನಾದ ಆಯ್ಕೆಗೆ ಬಂದರೆ, ಸಿಗ್ನಲ್ ಸಾಧಾರಣವಾಗಿ ಸಿಗುವ ಕಡೆ ನನ್ನ ಮತ ಲಾಗ್-ಪೀರಿಯಾಡಿಕ್‌ಗೆ (ಕಡ್ಡಿಗಳು ಕ್ರಮವಾಗಿ ಗಿಡ್ಡವಾಗುತ್ತಾ ಹೋಗುವ ಆಂಟೆನಾ). ಅದರ ಗಳಿಕೆ, ಅಂದರೆ ಸಿಗ್ನಲ್ಲನ್ನು ಒಂದೇ ದಿಕ್ಕಿನಿಂದ ಹೆಚ್ಚು ಹಿಡಿಯುವ ಶಕ್ತಿ, ದೊಡ್ಡದಲ್ಲ, ಆದರೆ ಇಡೀ ಯುಎಚ್‌ಎಫ್ ಪಟ್ಟಿಯಲ್ಲಿ ಒಂದೇ ಸಮ ಇರುತ್ತದೆ, ಹಿಂದಿನಿಂದ ಬರುವುದನ್ನು ಚೆನ್ನಾಗಿ ತಡೆಯುತ್ತದೆ. ದೂರದ ಟವರ್‌ಗೆ ಯಾಗಿ (ಉದ್ದ ದಂಡದ ಮೇಲೆ ಸಾಲು ಕಡ್ಡಿಗಳಿರುವ ಆಂಟೆನಾ) ಬೇಕು. ಅಗಲಪಟ್ಟಿಯ ಯಾಗಿಗಳ ಗಳಿಕೆ ಮೇಲಿನ ಚಾನೆಲ್‌ಗಳಲ್ಲಿ ಹೆಚ್ಚು, ಕೆಳಗೆ ಕಡಿಮೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಅತ್ಯುತ್ತಮ ಚಾನೆಲ್‌ನದು. ನಿಮ್ಮ ಟವರ್ ಪಟ್ಟಿಯ ಕೆಳತುದಿಯಲ್ಲಿ ಪ್ರಸಾರ ಮಾಡುತ್ತಿದ್ದರೆ ಆ ಸಂಖ್ಯೆಯಿಂದ ಉಪಯೋಗವಿಲ್ಲ. ಅಳತೆಪಟ್ಟಿ ಸುಳ್ಳು ಹೇಳುವುದಿಲ್ಲ, ಸಿಗ್ನಲ್ ಹಿಡಿಯುವ ಕಡ್ಡಿ ಹೆಚ್ಚುಕಡಿಮೆ ಅರ್ಧ ಅಲೆಯುದ್ದ ಇರಬೇಕು: 474 ಮೆಗಾಹರ್ಟ್ಜ್‌ನಲ್ಲಿ ಅರ್ಧ ಅಲೆಯುದ್ದ ಸುಮಾರು 32 ಸೆಂಟಿಮೀಟರ್, 690ರಲ್ಲಿ 22. ವಿಎಚ್‌ಎಫ್‌ನ (ಯುಎಚ್‌ಎಫ್‌ಗಿಂತ ಕೆಳಗಿನ ಆವರ್ತನ) 174ರಿಂದ 230 ಮೆಗಾಹರ್ಟ್ಜ್ ಪಟ್ಟಿಗೆ 65ರಿಂದ 86 ಸೆಂಟಿಮೀಟರ್ ಬೇಕು. ಅಂಗೈಯಗಲದ ತಗಡಿನ ಆಂಟೆನಾ ವಿಎಚ್‌ಎಫ್ ಹಿಡಿಯುತ್ತದೆ ಎಂದು ಜಾಹೀರಾತು ಹೇಳಿದರೆ ಈ ಅಳತೆಯನ್ನು ನೆನೆಸಿಕೊಳ್ಳಿ.

ಎಲ್ಲಿ ನಿಲ್ಲಿಸಬೇಕು ಎನ್ನುವುದು ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಮನೆಯೊಳಗೆ, ಅದರಲ್ಲೂ ಕಬ್ಬಿಣ ಹೆಣೆದ ಕಾಂಕ್ರೀಟ್ ಗೋಡೆ ಅಥವಾ ಲೋಹದ ಲೇಪವಿರುವ ಗಾಜಿನ ಹಿಂದೆ, ಸಿಗ್ನಲ್ ಸೊರಗುವುದು ಸಾಲದೆಂಬಂತೆ ಟಿವಿ, ಎಲ್‌ಇಡಿ ದೀಪ, ಚಾರ್ಜರ್‌ಗಳ ಗದ್ದಲವೂ ಪಕ್ಕದಲ್ಲೇ ಇರುತ್ತದೆ. ಹೊರಗೆ, ಸೂರಿನ ಮೇಲೆ, ಟವರ್‌ನತ್ತ ತೆರೆದ ನೋಟವಿರುವ ಜಾಗವೇ ಸರಿ. ತಡೆಯಿಲ್ಲದ ಬಯಲಿನಲ್ಲಿ ಎತ್ತರ ಇಮ್ಮಡಿಯಾದರೆ ಅಂದಾಜು 6 ಡಿಬಿ ಸಿಗುತ್ತದೆ. ಆದರೆ ಎತ್ತರವೇ ಎಲ್ಲವೂ ಅಲ್ಲ. ನೇರ ಬಂದ ಅಲೆಯೂ ಗೋಡೆಗೋ ಚಾವಣಿಗೋ ಬಡಿದು ಬಂದ ಅಲೆಯೂ ಕೂಡುವಲ್ಲಿ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆಂಟೆನಾವನ್ನು 30 ಸೆಂಟಿಮೀಟರ್ ಪಕ್ಕಕ್ಕೆ ಅಥವಾ ಕೆಳಕ್ಕೆ ಸರಿಸಿದರೆ ಸತ್ತಿದ್ದ ಮಲ್ಟಿಪ್ಲೆಕ್ಸ್ ಎದ್ದುಬರುವುದು ಈ ಕಾರಣಕ್ಕೆ. ಕಂಬಕ್ಕೆ ಬಿಗಿಯುವ ಮೊದಲು ಕೈಯಲ್ಲಿ ಹಿಡಿದು ಒಂದು ಮೀಟರ್ ಆಸುಪಾಸಿನಲ್ಲಿ ಹುಡುಕಿ ನೋಡುವುದು ಬೂಸ್ಟರ್‌ಗಿಂತ ಅಗ್ಗ. (ವಿದ್ಯುತ್ ತಂತಿ ಕೈಗೆಟುಕುವ ಕಡೆ, ಗಾಳಿ ಬೀಸುವ ದಿನ, ಒದ್ದೆ ಚಾವಣಿಯ ಮೇಲೆ ಈ ಕೆಲಸ ಬೇಡವೇ ಬೇಡ.)

ಈ ಪ್ರತಿಫಲನಗಳನ್ನು ಸಹಿಸಲೆಂದೇ ಡಿವಿಬಿಯಲ್ಲಿ ಒಂದು ಸಲಕ್ಕೆ ಕಳಿಸುವ ಮಾಹಿತಿಯ ಕಂತಿನ, ಅಂದರೆ ಪ್ರತಿ ಸಂಕೇತದ, ಮುಂದೆ ಒಂದು ರಕ್ಷಣಾ ಅಂತರ ಇಟ್ಟಿರುತ್ತಾರೆ. 8ಕೆ ಕ್ರಮದಲ್ಲಿ (ಇದು ಚಿತ್ರದ 8ಕೆ ಅಲ್ಲ, ಪ್ರಸಾರವನ್ನು ಸಾವಿರಾರು ಕಿರು ಅಲೆಗಳಿಗೆ ಹಂಚುವ ಬಗೆ), 8 ಮೆಗಾಹರ್ಟ್ಜ್ ಚಾನೆಲ್‌ನಲ್ಲಿ, ಅದು ಸಂಕೇತದ 1/4 ಆಗಿದ್ದರೆ 224 ಮೈಕ್ರೋಸೆಕೆಂಡ್. ಅಂದರೆ 67 ಕಿಲೋಮೀಟರ್ ಸುತ್ತಿಬಂದ ಪ್ರತಿಧ್ವನಿಯನ್ನೂ ಟಿವಿ ಸಂಭಾಳಿಸುತ್ತದೆ. 1/32 ಆಗಿದ್ದರೆ ಬರೀ 28 ಮೈಕ್ರೋಸೆಕೆಂಡ್, 8 ಕಿಲೋಮೀಟರ್ ಚಿಲ್ಲರೆ. ಹಲವು ಟವರ್‌ಗಳು ಒಂದೇ ಆವರ್ತನದಲ್ಲಿ ಪ್ರಸಾರ ಮಾಡುವ ಜಾಲದಲ್ಲಿ ಈ ಮಿತಿ ದಾಟಿ ಬರುವ ದೂರದ ಟವರ್ ನೆರವಾಗುವ ಬದಲು ಗದ್ದಲವಾಗುತ್ತದೆ. ಅದಕ್ಕೆ ಮದ್ದು ಆಂಟೆನಾದ ದಿಕ್ಕು ಮಾತ್ರ. ಕೆಲವೊಮ್ಮೆ ಬೇಕಾದ ಟವರ್‌ನಿಂದ ಐದಾರು ಡಿಗ್ರಿ ಆಚೆಗೆ ತಿರುಗಿಸಿ ಬೇಡದ್ದನ್ನು ಆಂಟೆನಾದ ಕುರುಡು ಕೋನಕ್ಕೆ ತಳ್ಳಿದರೆ ಗುಣಮಟ್ಟ ಏರುತ್ತದೆ, ಬಲದ ಗೆರೆ ತುಸು ಇಳಿದರೂ.

ದಿಕ್ಕು ಹೊಂದಿಸುವಾಗ ಟಿವಿಯ ಗೆರೆ ನಂಬಿದರೆ ಮೋಸಹೋಗುತ್ತೀರಿ. ಅದು ಮೇಲ್ತುದಿಯಲ್ಲಿ ಚಪ್ಪಟೆ, 100 ತೋರಿಸುತ್ತಲೇ ಹತ್ತಾರು ಡಿಗ್ರಿ ತಿರುಗಬಹುದು. ಉಪಾಯ ಇದು: ಆಂಟೆನಾ ಕೇಬಲ್‌ಗೆ 10 ಅಥವಾ 20 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಬಿಡಿಭಾಗ) ಸಿಕ್ಕಿಸಿ ಸಿಗ್ನಲ್ಲನ್ನು ಬೇಕೆಂದೇ ಬಡವಾಗಿಸಿ, ಚಿತ್ರ ಒಡೆಯುವ ಅಂಚಿಗೆ ತನ್ನಿ. ಈಗ ನಿಧಾನವಾಗಿ ಎಡಕ್ಕೆ ತಿರುಗಿಸಿ, ಒಡೆದಲ್ಲಿ ಕಂಬದ ಮೇಲೆ ಗುರುತು ಹಾಕಿ. ಬಲಕ್ಕೂ ಹಾಗೇ. ಎರಡು ಗುರುತಿನ ನಟ್ಟನಡುವೆ ನಿಲ್ಲಿಸಿ ಬಿಗಿಯಿರಿ, ಅಟೆನ್ಯುಯೇಟರ್ ತೆಗೆಯಿರಿ. ಪ್ರತಿ ಸಲ ಕದಲಿಸಿದ ಮೇಲೆ ನಾಲ್ಕೈದು ಸೆಕೆಂಡ್ ಕಾಯಬೇಕು, ಏಕೆಂದರೆ ಟಿವಿಯ ಗೆರೆ ತಡವಾಗಿ ಪ್ರತಿಕ್ರಿಯಿಸುತ್ತದೆ. ಸಿಗ್ನಲ್ ಮೀಟರ್ ಇದ್ದವರು ಎಂಇಆರ್ (ಸಿಗ್ನಲ್ ಎಷ್ಟು ಶುದ್ಧ ಎಂಬುದರ ಅಳತೆ) ನೋಡಿ. ಟಿವಿ ಸಾಕೆಟ್‌ನಲ್ಲಿ 26 ಡಿಬಿ ದಾಟಿದರೆ ನೆಮ್ಮದಿ, ಸಿಗ್ನಲ್‌ನ ಮಟ್ಟ 45ರಿಂದ 70 ಡಿಬಿ ಮೈಕ್ರೋವೋಲ್ಟ್ (ಒಂದು ಮೈಕ್ರೋವೋಲ್ಟಿಗೆ ಹೋಲಿಸಿ ಅಳೆದ ಬಲ) ನಡುವೆ ಇರಲಿ.

ಈಗ ಬೂಸ್ಟರ್‌ನ ಲೆಕ್ಕ. ಆಂಟೆನಾದ ತುದಿಯಲ್ಲಿ 46 ಡಿಬಿ ಮೈಕ್ರೋವೋಲ್ಟ್ ಸಿಕ್ಕಿತು ಅನ್ನೋಣ. 8 ಮೆಗಾಹರ್ಟ್ಜ್ ಅಗಲದಲ್ಲಿ ಪ್ರಕೃತಿಯದೇ ಆದ ಉಷ್ಣ ಗದ್ದಲ ಸುಮಾರು 4. ಕೆಳಗೆ 30 ಮೀಟರ್ ಆರ್‌ಜಿ-6 ಕೇಬಲ್, ಸುಮಾರು 6 ಡಿಬಿ ನಷ್ಟ. ಸಿಗ್ನಲ್ಲನ್ನು ನಾಲ್ಕು ಟಿವಿಗೆ ಹಂಚುವ ನಾಲ್ಕು ದಾರಿಯ ಸ್ಪ್ಲಿಟರ್, 8 ಡಿಬಿ. ಟಿವಿಯ ಟ್ಯೂನರ್ ತಾನೇ ಸೇರಿಸುವ ಗದ್ದಲ 7 ಡಿಬಿ. 46ರಿಂದ 4, 6, 8, 7 ಕಳೆದರೆ ಉಳಿಯುವುದು 21. ಪ್ರತಿಫಲನ ಜಾಸ್ತಿ ಇರುವ ಕಡೆ ಗಡಿ 20 ಎಂದು ಮೇಲೆ ಹೇಳಿದ್ದೇನೆ, ಅಂದರೆ ಪ್ರಪಾತದ ಅಂಚು. ಇಲ್ಲಿ 20 ಡಿಬಿ ಗಳಿಕೆ, 2 ಡಿಬಿ ಗದ್ದಲಾಂಕದ (ತಾನೇ ಸೇರಿಸುವ ಗದ್ದಲದ ಅಳತೆ) ಒಂದು ಬೂಸ್ಟರ್ ತಂದು ಟಿವಿಯ ಬೆನ್ನಿಗೆ ಹಾಕಿದರೆ 21 ಏರಿ 26 ಆಗುತ್ತದೆ, ಅದೂ ಒಂದೇ ಟಿವಿಗೆ. ಅದನ್ನೇ ಸ್ಪ್ಲಿಟರ್‌ನ ಮುಂದೆ ಹಾಕಿದರೆ ಸುಮಾರು 33. ಅದನ್ನೇ ಕಂಬದ ತುದಿಯಲ್ಲಿ, ಆಂಟೆನಾದ ಬುಡಕ್ಕೇ ಕಟ್ಟಿದರೆ 37. ವಸ್ತು ಒಂದೇ, ಜಾಗ ಬೇರೆ. ಕೇಬಲ್‌ನಲ್ಲಿ ಸೊರಗಿ ಗದ್ದಲದೊಳಗೆ ಮುಳುಗಿದ ಸಿಗ್ನಲ್ಲನ್ನು ಆಮೇಲೆ ಎತ್ತಿದರೆ ಗದ್ದಲವೂ ಜೊತೆಗೇ ಏಳುತ್ತದೆ. ಆಂಟೆನಾದಲ್ಲೇ ಸಿಗ್ನಲ್ ಹಾಳಾಗಿದ್ದರೆ ಕಂಬದ ತುದಿಯ ಬೂಸ್ಟರೂ ಏನೂ ಮಾಡಲಾರದು.

ಟವರ್ ಹತ್ತಿರವಿದ್ದು ಒಂದೇ ಟಿವಿ ಇದ್ದರೆ ಬೂಸ್ಟರ್ ಹಾಕಿದ್ದೇ ತಪ್ಪು. ಬಲವಾದ ಸಿಗ್ನಲ್ ತುಂಬಿದ ಆಂಪ್ಲಿಫೈಯರ್ ತಾನೇ ಹೊಸ ಹೊಸ ಗದ್ದಲ ಹುಟ್ಟಿಸುತ್ತದೆ, ಒಂದಾದ ಮೇಲೊಂದು ಮಲ್ಟಿಪ್ಲೆಕ್ಸ್ ಬೀಳುತ್ತದೆ, ನೋಡಿದವರು ಸಿಗ್ನಲ್ ಸಾಲದು ಎಂದು ಇನ್ನೂ ದೊಡ್ಡ ಬೂಸ್ಟರ್ ತರುತ್ತಾರೆ. ಅನುಮಾನ ಬಂದರೆ 10 ಡಿಬಿ ಅಟೆನ್ಯುಯೇಟರ್ ಸಿಕ್ಕಿಸಿ ನೋಡಿ. ಚಿತ್ರ ಸುಧಾರಿಸಿದರೆ ರೋಗ ಅತಿಬಲದ್ದು. ಮೊಬೈಲ್ ಟವರ್ ಎದುರಿಗಿದ್ದರೂ ಹೀಗೇ. 700 ಮತ್ತು 800 ಮೆಗಾಹರ್ಟ್ಜ್ ಪಟ್ಟಿಯ 4ಜಿ, 5ಜಿ ಸಿಗ್ನಲ್‌ಗಳು ಟಿವಿ ಪಟ್ಟಿಗೆ ಅಂಟಿಕೊಂಡೇ ಇವೆ. ಅದಕ್ಕೆ ಫಿಲ್ಟರ್ ಇದೆ, ಆದರೆ ಅದನ್ನು ಬೂಸ್ಟರ್‌ನ ಮುಂದೆ, ಆಂಟೆನಾ ಕಡೆಗೆ ಹಾಕಬೇಕು. ಹಿಂದೆ ಹಾಕಿದರೆ ಕೆಡಬೇಕಾದದ್ದು ಅಷ್ಟರಲ್ಲಿ ಕೆಟ್ಟಿರುತ್ತದೆ.

ಕಂಬದ ಬೂಸ್ಟರ್‌ಗೆ ಕರೆಂಟು ಅದೇ ಕೇಬಲ್‌ನಲ್ಲಿ ಹತ್ತುತ್ತದೆ, ಸಾಮಾನ್ಯವಾಗಿ 12 ವೋಲ್ಟ್, ಕೆಲವಕ್ಕೆ 5. ದಾರಿಯಲ್ಲಿ ಸ್ಪ್ಲಿಟರ್ ಇದ್ದರೆ ಅದರ ಯಾವ ಬಾಯಿ ಆ ಡಿಸಿ ಕರೆಂಟನ್ನು ಹಾಯಲು ಬಿಡುತ್ತದೆ ಎಂದು ಗುರುತು ನೋಡಿ ಆ ಬಾಯಿಗೇ ಪವರ್ ಸಪ್ಲೈ ಕೊಡಿ. ಬೂಸ್ಟರ್ ತೆಗೆದು ಸಪ್ಲೈಯನ್ನು ಹಾಗೇ ಬಿಟ್ಟರೆ, ಬಾಲುನ್ (ಆಂಟೆನಾವನ್ನು ಕೇಬಲ್‌ಗೆ ಹೊಂದಿಸುವ ಭಾಗ) ಡಿಸಿಗೆ ಶಾರ್ಟ್ ಆಗಿರುವ ಆಂಟೆನಾಗಳಲ್ಲಿ ಸಪ್ಲೈ ಸುಟ್ಟುಹೋಗಬಹುದು. ಕರೆಂಟು ಸಿಗದ ಬೂಸ್ಟರ್ ಸಿಗ್ನಲ್ಲನ್ನು ತಡೆದು ನಿಲ್ಲಿಸುತ್ತದೆ, ಬೂಸ್ಟರ್ ಇಲ್ಲದಿರುವುದಕ್ಕಿಂತ ಕೆಟ್ಟ ಸ್ಥಿತಿ ಅದು.

ಕೇಬಲ್ 75 ಓಮ್‌ನದಾಗಿರಲಿ, ತಂತಿ ಹೆಣಿಗೆಯ ಕೆಳಗೆ ಲೋಹದ ಹಾಳೆಯ ಕವಚವೂ ಇರಲಿ. ಎಫ್ ಕನೆಕ್ಟರ್ (ಕೇಬಲ್ ತುದಿಯ ತಿರುಪಿನ ಪ್ಲಗ್) ಹಾಕುವಾಗ ಒಳಗಿನ ಬಿಳಿ ನಿರೋಧಕ ಕನೆಕ್ಟರ್‌ನ ತಳಕ್ಕೆ ಸಮವಾಗಿ ನಿಲ್ಲಬೇಕು, ನಡುತಂತಿ ಅಂಚಿನಿಂದ 2ರಿಂದ 3 ಮಿಲಿಮೀಟರ್ ಹೊರಗಿರಬೇಕು. ಹೆಣಿಗೆಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಎಲ್ಲ ಮುಗಿಯಿತು. ಹೊರಗಿನ ಜೋಡಣೆಗೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ. ಕೇಬಲ್ ಮನೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಳುಕು ಬಿಡಿ, ನೀರು ಅಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ನೀರು ಹೊಕ್ಕ ಕೇಬಲ್ ಒಣಗಿಸಿದರೂ ಸರಿಹೋಗುವುದಿಲ್ಲ, ಹೆಣಿಗೆ ಕಪ್ಪಾಗಿದ್ದರೆ ಪೂರ್ತಿ ಬದಲಿಸಿ. ಕಂಬಕ್ಕೆ ಅರ್ತಿಂಗ್ ಮಾಡಿಸುವುದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಒಂದೇ ಮಲ್ಟಿಪ್ಲೆಕ್ಸ್ ಮಾತ್ರ ಬಾರದಿದ್ದರೆ ಮೊದಲು ಯಾರಾದರೂ ಎರಡನೇ ಟಿವಿಗೆಂದು ಕೇಬಲ್ ಸುಲಿದು ತಂತಿ ತಿರುಚಿದ್ದಾರೆಯೇ ನೋಡಿ. ಖಾಲಿ ಬಿಟ್ಟ ಕವಲು ಕಾಲು ಅಲೆಯುದ್ದವಿದ್ದರೆ, 600 ಮೆಗಾಹರ್ಟ್ಜ್‌ನಲ್ಲಿ ಕೇಬಲ್‌ನೊಳಗೆ ಅದು ಹತ್ತು ಸೆಂಟಿಮೀಟರ್ ಆಸುಪಾಸು, ಸರಿಯಾಗಿ ಆ ಆವರ್ತನವನ್ನೇ ನುಂಗುತ್ತದೆ. ಸ್ಪ್ಲಿಟರ್‌ನ ಖಾಲಿ ಬಾಯಿಗಳಿಗೆ 75 ಓಮ್ ಟರ್ಮಿನೇಟರ್ ಹಾಕಿ. ಗಾಳಿ ಬೀಸಿದಾಗ ಮಾತ್ರ ಒಡೆದರೆ ಎದುರಿನ ಮರ ಅಥವಾ ಸಡಿಲ ಕನೆಕ್ಟರ್. ಫ್ರಿಜ್ ಶುರುವಾದಾಗ ಚಿತ್ರ ಒಮ್ಮೆ ಎಗರಿದರೆ ಕೇಬಲ್‌ನ ಕವಚ ಬಡವಾಗಿದೆ, ಗೋಡೆಯಿಂದ ಟಿವಿಗೆ ಹೋಗುವ ಆ ತೆಳ್ಳನೆಯ ತುಂಡಿನಿಂದಲೇ ತಪಾಸಣೆ ಶುರುಮಾಡಿ. ಮಳೆ ನಿಂತು ಎರಡು ದಿನವಾದರೂ ಸರಿಹೋಗದಿದ್ದರೆ ನೀರು ಒಳಗೆ ಇಳಿದಿದೆ.

ಟ್ಯೂನಿಂಗ್ ಕೂಡ ಕೈಕೊಡುತ್ತದೆ. ಆಟೋ ಸ್ಕ್ಯಾನ್ ಕೆಳಗಿನ ಆವರ್ತನದಿಂದ ಮೇಲಕ್ಕೆ ಹೋಗುತ್ತದೆ, ಮೊದಲು ಸಿಕ್ಕ ದೂರದ ದುರ್ಬಲ ಟವರ್‌ನ ವಾಹಿನಿಯನ್ನೇ ಕೆಲವು ಟಿವಿಗಳು ಇಟ್ಟುಕೊಂಡುಬಿಡುತ್ತವೆ. ಮೆನುವಿನಲ್ಲಿ ಆವರ್ತನ ನೋಡಿ, ನಿಮ್ಮ ಟವರ್‌ನದಲ್ಲದಿದ್ದರೆ ಪಟ್ಟಿ ಅಳಿಸಿ ಬೇಕಾದ ಚಾನೆಲ್‌ಗಳನ್ನು ಒಂದೊಂದಾಗಿ ಕೈಯಾರೆ ಹುಡುಕಿಸಿ. ಗಾಳಿಯಾಡದ, ಒತ್ತಡ ಹೆಚ್ಚಿರುವ ದಿನಗಳಲ್ಲಿ ತಂಪು ಗಾಳಿಯ ಮೇಲೆ ಬೆಚ್ಚಗಿನ ಪದರ ಕೂತು ನೂರಾರು ಕಿಲೋಮೀಟರ್ ದೂರದ ಟವರ್‌ಗಳ ಅಲೆ ಕೊಳವೆಯಲ್ಲಿ ಹರಿದಂತೆ ಬಂದುಬಿಡುತ್ತದೆ. ಅದೇ ಆವರ್ತನವಾದರೆ ನಿಮ್ಮದು ಮುಳುಗುತ್ತದೆ. ಆಗ ಆಂಟೆನಾ ಮುಟ್ಟಬೇಡಿ, ಸ್ಕ್ಯಾನ್ ಅಂತೂ ಮಾಡಲೇಬೇಡಿ. ಹವೆ ಬದಲಾದೊಡನೆ ವಾಹಿನಿಗಳು ತಾವಾಗಿ ಮರಳುತ್ತವೆ, ಆ ಹೊತ್ತಿಗೆ ಪಟ್ಟಿಯಲ್ಲಿ ಇನ್ನೂ ಉಳಿದಿದ್ದರೆ.